ಮೂರು ಮೆಷಿನ್ನಿನ ಒಂದೇ ಸುಳ್ಳು

ನನಗೆ ಬಿ.ಪಿ. ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬೀದಿಗೆ ಬೀದಿಯೇ ಇದೆ ಎಂದು ತೀರ್ಮಾನ ಮಾಡಿ ಕೂತಿದೆ. ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವಾಗ ಎದುರಿನ ಟೈಲರ್ ಹೊಲಿಗೆ ನಿಲ್ಲಿಸಿ "ನಿಧಾನ ಅಣ್ಣ, ನಿಧಾನ" ಎನ್ನುತ್ತಾನೆ. ಶಟರಿಗೂ ರಕ್ತಕ್ಕೂ ಏನಯ್ಯಾ ಸಂಬಂಧ ಎಂದು ನಾನು ಕೇಳಿದರೆ, ಉತ್ತರ ನನಗೆ ಕೊಡುವುದಿಲ್ಲ. ಪಕ್ಕದಲ್ಲಿ ಅಳತೆ ಕೊಡಲು ನಿಂತ ಗಿರಾಕಿಯ ಕಡೆ ತಿರುಗಿ "ನೋಡಿದ್ರಾ, ಏರ್ತು" ಎನ್ನುತ್ತಾನೆ.

ಕೋಪ ಬರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವವರಿದ್ದಾರೆ. ಇರಬಹುದು. ನನ್ನ ಮೂಗು ಸ್ವಲ್ಪ ಉದ್ದ, ಹಾಗಾಗಿ ಎದುರಿಗೆ ಬಂದವರಿಗೆ ಬೇಗ ತಗಲುತ್ತದೆ. ಆದರೆ ಕೋಪ ಬೇರೆ, ಕಾಯಿಲೆ ಬೇರೆ. ಇದು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ನನಗಂತೂ ಅದು ಇಲ್ಲ. ಶಾಲೆಯ ಮೇಷ್ಟ್ರು ಒಂದು ದಿನ ನನ್ನ ಕಿವಿ ಹಿಂಡಿದರು, ನಾನು ಅವರ ಕುರ್ಚಿಯ ಕಾಲು ಸಡಿಲಿಸಿದೆ, ಅಲ್ಲಿಗೆ ನನ್ನ ವಿದ್ಯಾಭ್ಯಾಸ ಸಂಪನ್ನವಾಯಿತು. ಆಮೇಲೆ ಕಲಿತದ್ದೆಲ್ಲ ತಕ್ಕಡಿ. ಅಂಗಡಿಯವರ ತಕ್ಕಡಿ ಕೆಟ್ಟರೆ ರಿಪೇರಿ ಮಾಡುವುದು ನನ್ನ ಕಸುಬು. ಎರಡು ತಟ್ಟೆಯದ್ದು, ಸ್ಪ್ರಿಂಗಿನದ್ದು, ಕೆಂಪು ಅಂಕಿ ಮಿನುಗಿಸುವ ಕರೆಂಟಿನದ್ದು, ಎಲ್ಲವೂ ನನ್ನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗುತ್ತವೆ. ಸುಳ್ಳು ಹೇಳುವ ತಕ್ಕಡಿಯನ್ನು ನಾನು ಮುಳ್ಳು ಅಲ್ಲಾಡುವ ರೀತಿಯಿಂದಲೇ ಹಿಡಿಯಬಲ್ಲೆ. ಅಂಥವನನ್ನು ಒಂದು ಮೆಷಿನ್ ಪೇಷೆಂಟ್ ಎಂದು ಕರೆದರೆ ಸುಮ್ಮನಿರಲು ಸಾಧ್ಯವೇ?

ಎಲ್ಲ ಶುರುವಾದದ್ದು ಒಂದು ಸ್ಪ್ರಿಂಗಿನಿಂದ. ಬಿಚ್ಚುತ್ತಿದ್ದ ತಕ್ಕಡಿಯಿಂದ ಅದು ಹಾರಿ ನನ್ನ ಹೆಬ್ಬೆರಳನ್ನು ಸೀಳಿತು. ಹೆಂಡತಿ ಬಟ್ಟೆ ಸುತ್ತಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಸಾಲು. ಸಾಲಿನಲ್ಲಿ ನನ್ನ ಮುಂದೆ ಒಬ್ಬ ನುಸುಳಿದ. ರಕ್ತ ಸುರಿಸುತ್ತ ನಿಂತವನನ್ನು ದಾಟಿ ಹೋಗುವಂಥ ತುರ್ತು ಅವನಿಗೆ ಏನಿತ್ತೆಂದರೆ, ಹಿಂದಿನ ದಿನ ಅಲ್ಲಿ ಮರೆತುಹೋದ ಛತ್ರಿಯನ್ನು ಕೇಳುವುದು. ಛತ್ರಿಯ ವಿಷಯವಾಗಿ ನಾವಿಬ್ಬರೂ ಗಟ್ಟಿಯಾಗಿ ವಿಚಾರ ವಿನಿಮಯ ಮಾಡಿಕೊಂಡೆವು. (ಕೊನೆಕೊನೆಗೆ ಕಾವಲುಗಾರನೂ ಭಾಗವಹಿಸಿದ.) ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತೆನೋ ಇಲ್ಲವೋ, ನರ್ಸ್ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ನಾನು ಆಗಲೂ ಛತ್ರಿಯ ಬಗ್ಗೆಯೇ ಮಾತಾಡುತ್ತಿದ್ದೆ.

ಡಾಕ್ಟರಮ್ಮ ಬೆರಳಿಗೆ ಹೊಲಿಗೆ ಹಾಕಿದರು, ಆಮೇಲೆ ನರ್ಸ್ ಬರೆದಿಟ್ಟದ್ದನ್ನು ನೋಡಿ ಹುಬ್ಬೇರಿಸಿದರು. ಬಿ.ಪಿ. ಜಾಸ್ತಿ ತೋರಿಸುತ್ತಿದೆ, ಒಂದು ಸಲ ನೋಡಿ ಕಾಯಿಲೆ ಇದೆ ಎನ್ನಲಾಗದು, ಎರಡು ವಾರ ಮನೆಯಲ್ಲೇ ನೋಡಿಕೊಳ್ಳಿ, ಹೀಗೇ ಇದ್ದರೆ ಈ ಮಾತ್ರೆ ಶುರು ಮಾಡೋಣ, ಅಲ್ಲಿಯವರೆಗೆ ಉಪ್ಪು ಕಡಿಮೆ, ಕೋಪ ಕಡಿಮೆ ಎಂದರು. ಇಷ್ಟು ಉದ್ದದ ಮಾತಿನಲ್ಲಿ ನನ್ನ ಹೆಂಡತಿಯ ಕಿವಿಗೆ ಬಿದ್ದದ್ದು ಎರಡೇ ಪದ. ಒಂದು ಮಾತ್ರೆ, ಇನ್ನೊಂದು ಉಪ್ಪು. ಮನೆಗೆ ಹೋಗುವ ದಾರಿಯಲ್ಲೇ ಮಾತ್ರೆ ಕೊಂಡಳು, ಮನೆಗೆ ಹೋದವಳೇ ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು.

ಇಲ್ಲಿ ನನ್ನ ಮಗಳನ್ನು ಪರಿಚಯಿಸಬೇಕು. ಅವಳು ದೊಡ್ಡ ಆಸ್ಪತ್ರೆಯೊಂದರ ಸಂಶೋಧನಾ ವಿಭಾಗದಲ್ಲಿದ್ದಾಳೆ. ಒಂದು ಔಷಧಿ ನಿಜವಾಗಿ ಗುಣ ಮಾಡುತ್ತದೋ, ಅಥವಾ ಗುಣವಾಗುವ ಹೊತ್ತಿಗೆ ಸರಿಯಾಗಿ ಹೋಗಿ ಹೆಸರು ಹೊಡೆದುಕೊಳ್ಳುತ್ತದೋ ಎಂದು ಕಂಡುಹಿಡಿಯುವುದು ಅವರ ಕೆಲಸ. ಒಳ್ಳೆಯ ಕೆಲಸವೇ. ಆದರೆ ಅದನ್ನು ಆಸ್ಪತ್ರೆಯಲ್ಲೇ ಬಿಟ್ಟು ಬರುವುದಿಲ್ಲ. ಬಿಸಿನೀರು ಕುಡಿದೆ, ಹೊಟ್ಟೆನೋವು ಹೋಯಿತು ಎಂದು ನಾನು ಹೇಳಿದರೆ, "ಕುಡೀದೇ ಇದ್ದಿದ್ರೂ ಹೋಗ್ತಿತ್ತೇನೋ ಅಪ್ಪ, ಪುರಾವೆ ಏನಿದೆ?" ಎನ್ನುತ್ತಾಳೆ. ಒಬ್ಬರು ತಮಗೆ ಹೀಗಾಯಿತು ಎಂದು ಹೇಳುವುದು ತೀರಾ ದುರ್ಬಲ ಪುರಾವೆಯಂತೆ. ಅಳೆದದ್ದನ್ನು ಮತ್ತೆ ಮತ್ತೆ ಅಳೆಯಬೇಕು, ಇನ್ನೊಂದರ ಜೊತೆ ಹೋಲಿಸಬೇಕು, ತನಗೆ ಬೇಕಾದ ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಹೊರಡಬಾರದು. ಆಗ ಪುರಾವೆ ಗಟ್ಟಿಯಾಗುತ್ತದೆ. ನಾನು ದೊಡ್ಡದಾಗಿ ನಕ್ಕೆ. ಇದೆಲ್ಲ ನಾನು ದಿನಾ ಅಂಗಡಿಯಲ್ಲಿ ಮಾಡುವ ಕೆಲಸ. ಅದಕ್ಕೆ ಅವಳಿಗೆ ಪದವಿ ಕೊಟ್ಟಿದ್ದಾರೆ, ನನಗೆ ಗ್ರೀಸು.

ಅವತ್ತು ರಾತ್ರಿ ಊಟಕ್ಕೆ ಬೇಯಿಸಿದ ತರಕಾರಿ ಬಂತು. ಬಾಯಿಗಿಟ್ಟೆ. ಒದ್ದೆ ಹತ್ತಿಯನ್ನು ಅಗಿದ ಹಾಗಾಯಿತು. ತಟ್ಟೆ ಸರಿಸಿ, ಮಾತ್ರೆಯ ಡಬ್ಬಿಯಲ್ಲಿ ಮಡಚಿಟ್ಟಿದ್ದ ಕಾಗದ ತೆಗೆದೆ. ಮಡಿಕೆ ಬಿಚ್ಚಿದಷ್ಟೂ ಬಿಚ್ಚಿಕೊಂಡಿತು, ಮೇಜು ಮುಚ್ಚಿ ಕೆಳಕ್ಕೂ ಇಳಿಯಿತು. ಇರುವೆ ಕಾಲಿನ ಅಕ್ಷರ. ಮಗಳ ಕೈಲಿ ಓದಿಸಿದೆ. ಈ ಮಾತ್ರೆ ತೆಗೆದುಕೊಂಡವರಲ್ಲಿ ಕೆಲವರಿಗೆ ಕೆಮ್ಮು ಬರಬಹುದು, ತಲೆ ತಿರುಗಬಹುದು, ಪಾದ ಊದಬಹುದು, ನಾಲಿಗೆಗೆ ರುಚಿ ತಿಳಿಯದಿರಬಹುದು ಎಂದಿತ್ತು. ಮಗಳು ಪ್ರತಿಯೊಂದಕ್ಕೂ ಎಷ್ಟು ಜನರಲ್ಲಿ ಎಷ್ಟು ಜನರಿಗೆ ಎನ್ನುವುದನ್ನೂ ಓದುತ್ತಿದ್ದಳು. ಹೆಸರು ನೋಡಿ ಹೆದರಬಾರದು, ಎಷ್ಟು ಜನಕ್ಕೆ ಬರುತ್ತದೆ ಅನ್ನುವುದೇ ಮುಖ್ಯ ಎಂದಳು. ನಾನು ಆ ಭಾಗಕ್ಕೆ ಕಿವಿ ಕೊಡಲಿಲ್ಲ. ಅಷ್ಟರಲ್ಲಿ ನನಗೆ ಕೆಮ್ಮು ಶುರುವಾಗಿತ್ತು.

ಮಾರನೇ ಬೆಳಿಗ್ಗೆ ತಲೆ ತಿರುಗಿತು. ಚಪ್ಪಲಿ ಬಿಗಿಯಾಗಿದೆ ಅನ್ನಿಸಿ ಪಾದವನ್ನೂ ಒತ್ತಿ ನೋಡಿಕೊಂಡೆ. ಇದನ್ನೆಲ್ಲ ಹೆಂಡತಿಗೆ ವಿವರವಾಗಿ ಒಪ್ಪಿಸಿದೆ.

"ರೀ, ನೀವು ಮಾತ್ರೆ ಇನ್ನೂ ಮುಟ್ಟೇ ಇಲ್ಲ. ಅದು ಡಬ್ಬಿಯಲ್ಲೇ ಇದೆ" ಎಂದಳು.

"ಡಬ್ಬಿಯಲ್ಲಿ ಕೂತ್ಕೊಂಡೇ ಇಷ್ಟು ಮಾಡುತ್ತೆ ಅಂದ್ರೆ, ಹೊಟ್ಟೆಗೆ ಹೋದ್ರೆ ನನ್ನ ಗತಿ ಏನು? ನಾಲಿಗೆ ರುಚಿ ಕೂಡ ಹೋಗಿದೆ."

"ರುಚಿ ಹೋಗಿಲ್ಲ. ಉಪ್ಪು ಹಾಕಿಲ್ಲ."

ಇಂಥ ಉತ್ತರಗಳಿಂದಲೇ ಮನುಷ್ಯನಿಗೆ ಛಲ ಹುಟ್ಟುವುದು. ಅವತ್ತೇ ಪ್ರತಿಜ್ಞೆ ಮಾಡಿದೆ. ನನಗೆ ಈ ಕಾಯಿಲೆ ಇಲ್ಲವೆಂದು ಗಟ್ಟಿ ಪುರಾವೆ ಸಮೇತ ತೋರಿಸಿ, ಉಪ್ಪಿನ ಡಬ್ಬಿಯನ್ನು ಅದೇ ಅಟ್ಟದಿಂದ ಮೆರವಣಿಗೆಯಲ್ಲಿ ಇಳಿಸುತ್ತೇನೆ. ಔಷಧಿ ಅಂಗಡಿಗೆ ಹೋಗಿ ಮನೆಯಲ್ಲಿ ನೋಡಿಕೊಳ್ಳುವ ಬಿ.ಪಿ. ಮೆಷಿನ್ ತಂದೆ. ಮಗಳು ಅದನ್ನು ಬಳಸುವ ಕ್ರಮ ಹೇಳಿಕೊಟ್ಟಳು. ಕುರ್ಚಿಗೆ ಒರಗಿ ಸುಮ್ಮನೆ ಐದು ನಿಮಿಷ ಕೂರಬೇಕು, ಪಾದ ನೆಲಕ್ಕೆ ಊರಬೇಕು, ಕೈ ಮೇಜಿನ ಮೇಲಿರಬೇಕು, ಮಾತಾಡಬಾರದು. ಮೊದಲ ಮೂರೂ ಸುಲಭ. ಇಷ್ಟು ಹೇಳಿಕೊಟ್ಟು ಅವಳು ಕೆಲಸದ ಮೇಲೆ ಬೇರೆ ಊರಿನ ಆಸ್ಪತ್ರೆಗೆ ಹೊರಟುಹೋದಳು. ಅಲ್ಲಿಯವರು ತಮ್ಮ ಸಂಶೋಧನೆಯನ್ನು ನೆಟ್ಟಗೆ ಮಾಡಿದ್ದಾರೋ ಇಲ್ಲವೋ ನೋಡುವುದಕ್ಕೆ. ಹೋಗುವಾಗ ಬಾಗಿಲಲ್ಲಿ ನಿಂತು, ಬಂದ ಅಂಕಿಯಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬೇಡ ಎಂದು ಎಚ್ಚರಿಸಿದಳು.

ಆರಿಸಿಕೊಂಡೆವು. ಇಬ್ಬರೂ ಆರಿಸಿಕೊಂಡೆವು. ಬೆಳಿಗ್ಗೆ ಎದ್ದು ಶಾಂತಚಿತ್ತನಾಗಿ ಕೂತಾಗ ಮೆಷಿನ್ ಒಳ್ಳೆಯ ಅಂಕಿ ತೋರಿಸುತ್ತಿತ್ತು. ಸಪ್ಪೆ ಊಟದ ತಟ್ಟೆ ಅಡುಗೆಮನೆಯಿಂದ ಹೊರಟಾಗ ಅಂಕಿಯೂ ಅದರ ಸ್ವಾಗತಕ್ಕೆ ಎದ್ದು ನಿಲ್ಲುತ್ತಿತ್ತು. ನಾನು ಬೆಳಗಿನದ್ದನ್ನು ಮಾತ್ರ ನೆನಪಿಟ್ಟುಕೊಂಡೆ, ಅವಳು ಊಟದ ಹೊತ್ತಿನದ್ದನ್ನು ಮಾತ್ರ. ನಾನು ಅವಳದ್ದು ಮೋಸ ಎಂದೆ. ಅವಳು ಸಪ್ಪೆ ತರಕಾರಿಯನ್ನೇ ಇನ್ನೊಂದು ಸೌಟು ಬಡಿಸಿದಳು.

ಹೀಗೆ ವಾದ ಬಗೆಹರಿಯದಿದ್ದಾಗ ನನ್ನ ಕಸುಬಿನ ಬುದ್ಧಿ ಕೈಹಿಡಿಯಿತು. ತಕ್ಕಡಿ ನಿಜ ಹೇಳುತ್ತಿದೆಯೋ ಸುಳ್ಳೋ ತಿಳಿಯಬೇಕಾದರೆ ಅದರ ಮೇಲೆ ಬದನೆಕಾಯಿ ಇಟ್ಟು ನೋಡುವುದಿಲ್ಲ. ಬದನೆಕಾಯಿಯ ತೂಕ ಯಾರಿಗೆ ಗೊತ್ತು? ಸರ್ಕಾರಿ ಮುದ್ರೆ ಬಿದ್ದ ತೂಕದ ಕಲ್ಲು ಇಡುತ್ತೇವೆ. (ಕಬ್ಬಿಣದ್ದೇ, ಆದರೂ ನಾವು ಕಲ್ಲು ಅಂತಲೇ ಕರೆಯುವುದು.) ಕಲ್ಲಿನ ತೂಕ ಮೊದಲೇ ಗೊತ್ತಿರುತ್ತದೆ. ಮುಳ್ಳು ಬೇರೆ ಏನಾದರೂ ಹೇಳಿದರೆ ತಕ್ಕಡಿ ಸುಳ್ಳು. ಹಾಗಾದರೆ ಈ ಬಿ.ಪಿ. ಮೆಷಿನ್ನಿಗೆ ನಮ್ಮ ಮನೆಯಲ್ಲಿ ಮುದ್ರೆ ಕಲ್ಲು ಯಾರು?

ಇದರಲ್ಲಿ ಯೋಚಿಸುವುದಕ್ಕೇನಿದೆ. ನನ್ನ ಧರ್ಮಪತ್ನಿ. ಮದುವೆಯಾದಾಗಿನಿಂದ ಅವಳು ಧ್ವನಿ ಏರಿಸಿದ್ದನ್ನು ನಾನು ಕಂಡಿಲ್ಲ. ನಾನು ಸ್ಕ್ರೂಡ್ರೈವರ್ ಎಸೆದರೆ ಎತ್ತಿ ಅದರ ಜಾಗದಲ್ಲಿಡುತ್ತಾಳೆ. ನಾನು ಗಿರಾಕಿಯನ್ನು ಬೈದು ಕಳಿಸಿದರೆ ಹಿಂದೆಯೇ ಹೋಗಿ ಅವರಿಗೆ ನೀರು ಕೊಟ್ಟು ಸಮಾಧಾನ ಹೇಳುತ್ತಾಳೆ. ಮನೆಯ ಛಾವಣಿ ಹಾರಿಹೋದರೂ, ಒಳಗೆ ಬೆಳಕು ಚೆನ್ನಾಗಿ ಬರುತ್ತದೆ ಎನ್ನುವ ಹೆಂಗಸು. ಸಂಜೆ ಹೊತ್ತು ಹಣೆಗೊಂದು ಒದ್ದೆ ಬಟ್ಟೆ ಕಟ್ಟಿಕೊಂಡು ಕಣ್ಣು ಮುಚ್ಚಿ ಕೂರುತ್ತಾಳೆ, ಅದು ಬಿಟ್ಟರೆ ಅವಳಿಗೆ ಬೇರೆ ಶೋಕಿಯಿಲ್ಲ. ಇಂಥವಳಿಗಿಂತ ಗಟ್ಟಿ ಮುದ್ರೆ ಕಲ್ಲು ಯಾವ ಸಂಶೋಧನಾ ವಿಭಾಗದಲ್ಲಿ ಸಿಗುತ್ತದೆ?

ಅವಳು ಒಪ್ಪಲಿಲ್ಲ. ತನಗೇನಾಗಿದೆ, ಒಲೆಯ ಮೇಲೆ ಹಾಲಿದೆ, ಇದನ್ನೆಲ್ಲ ನೀವೇ ಇಟ್ಟುಕೊಳ್ಳಿ ಎಂದಳು. ನಾನು ಪಟ್ಟು ಹಿಡಿದೆ. ಹಾಲಿನ ಒಲೆ ಆರಿಸಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪಾದ ಊರಿಸಿ, ಐದು ನಿಮಿಷ ಬಿಟ್ಟು ಪಟ್ಟಿ ಸುತ್ತಿದೆ. ಮೆಷಿನ್ ಗುಂಯ್‌ಗುಟ್ಟಿತು, ಉಬ್ಬಿತು, ಇಳಿಯಿತು, ಅಂಕಿ ತೋರಿಸಿತು. ಛತ್ರಿ ಜಗಳದ ದಿನ ನನಗೆ ಬಂದಿತ್ತಲ್ಲ, ಅದಕ್ಕಿಂತ ಎಷ್ಟೋ ಮೇಲೆ.

ನನಗಾದ ಸಂತೋಷಕ್ಕೆ ಎಣೆಯಿಲ್ಲ. ಇನ್ನೊಂದು ಸಲ ನೋಡಿದೆ, ಅದೇ. ಕೈ ಬದಲಿಸಿ ನೋಡಿದೆ, ಅದೇ. ಈ ಮೆಷಿನ್ ಶುದ್ಧ ಸುಳ್ಳುಬುರುಕ ಎನ್ನುವುದಕ್ಕೆ ಇನ್ನೇನು ಬೇಕು. ಅದನ್ನು ಕಂಕುಳಲ್ಲಿಟ್ಟುಕೊಂಡು ಔಷಧಿ ಅಂಗಡಿಗೆ ನುಗ್ಗಿದೆ. ಅಂಗಡಿಯವರು ಸಮಾಧಾನದ ಮುದುಕರು. ನನ್ನ ಭಾಷಣ ಮುಗಿಯುವಷ್ಟರಲ್ಲಿ ಪಟ್ಟಿಯನ್ನು ತಮ್ಮ ತೋಳಿಗೇ ಸುತ್ತಿಕೊಂಡು ನೋಡಿ, ನನಗೆ ಸರಿಯಾಗೇ ತೋರಿಸ್ತಿದೆಯಲ್ಲ ಎಂದರು. ಮಾಲೀಕನ ತೋಳು ಕಂಡು ಅದು ಹಲ್ಲು ಗಿಂಜಿದೆ ಎಂದೆ ನಾನು. ಅವರು ಮಾತು ಬೆಳೆಸದೆ ಬೇರೆ ಕಂಪನಿಯ ಮೆಷಿನ್ ಬದಲಿಗೆ ಕೊಟ್ಟರು. ಕೊಡುವಾಗ, "ಒಂದು ಸಲ ಮನೆಯವರನ್ನೂ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಬನ್ನಿ" ಎಂದರು. ನನ್ನ ಬಾಯಿ ತಾಳಲಾರದೆ, ನನ್ನನ್ನು ಡಾಕ್ಟರಿಗೆ ಒಪ್ಪಿಸಿಬರಲು ಅವಳನ್ನೂ ಜೊತೆಗೆ ಕಳಿಸುತ್ತಿದ್ದಾರೆ ಎಂದುಕೊಂಡೆ.

ಎರಡನೇ ಮೆಷಿನ್ ಮನೆಗೆ ಬಂತು. ನನಗೆ ಕಟ್ಟಿದೆ, ಒಳ್ಳೆಯ ಅಂಕಿ. ಅವಳಿಗೆ ಕಟ್ಟಿದೆ, ಅದೇ ಎತ್ತರ. ಇದೂ ಅದರ ತಮ್ಮನೇ ಎಂದುಕೊಂಡೆ. ಆದರೆ ಪುರಾವೆ ಗಟ್ಟಿಯಾಗಬೇಕಲ್ಲ. ಟೈಲರನ ತಾಯಿಯ ಬಳಿ ಒಂದು ಹಳೇ ಮೆಷಿನ್ ಇದೆ, ವರ್ಷಗಳಿಂದ ಡಾಕ್ಟರ ಲೆಕ್ಕಕ್ಕೆ ತಾಳೆಯಾಗುತ್ತ ಬಂದಿರುವಂಥದ್ದು. ಅದನ್ನು ಕಾಡಿ ಬೇಡಿ ತಂದೆ. ನನಗೆ ಸರಿ, ಅವಳಿಗೆ ಮತ್ತೆ ಅದೇ. ಆ ಮುದುಕಿಯ ಮೆಷಿನ್ ಮೇಲೆ ನನಗೆ ಇದ್ದ ಗೌರವವೂ ಹೋಯಿತು.

"ಹಾಗಾದ್ರೆ ಮೂರೂ ಕೆಟ್ಟಿದ್ಯಾ?" ಹೆಂಡತಿ ತೋಳು ಉಜ್ಜಿಕೊಳ್ಳುತ್ತ ಕೇಳಿದಳು.

"ಮೂರೂ ಕೆಟ್ಟಿದೆ. ಇಂಥ ಮೆಷಿನ್ ನಂಬಿ ನನ್ನ ಉಪ್ಪು ಕಿತ್ಕೊಂಡ್ಯಲ್ಲ, ಈಗ ಏನ್ ಹೇಳ್ತೀಯ?"

"ಸರಿ ಬಿಡಿ" ಎಂದು ಎದ್ದಳು. ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ಹಾಗೇ ನಿಂತಳು. ಪಾಪ, ಸೋಲು ನುಂಗಿಕೊಳ್ಳುತ್ತಿದ್ದಾಳೆ, ಹೊತ್ತು ಬೇಕು ಎಂದು ನಾನು ಉದಾರವಾಗಿ ಸುಮ್ಮನಾದೆ. ಅವತ್ತು ಅವಳೇ ಅಟ್ಟದಿಂದ ಉಪ್ಪಿನ ಡಬ್ಬಿ ಇಳಿಸಿದಳು. ಮೆರವಣಿಗೆ ಒಂದಿರಲಿಲ್ಲ, ಅಷ್ಟೇ. ನಾನು ಒಂದು ಚಮಚ ಹೆಚ್ಚೇ ಹಾಕಿಸಿಕೊಂಡೆ. ಅವಳ ತಟ್ಟೆಗೂ ನಾನೇ ಉದುರಿಸಿದೆ.

ಮಾರನೇ ದಿನ ಅಂಗಡಿಯಲ್ಲಿ ನನ್ನ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಟೈಲರಿಗೆ ನನ್ನ ದಿಗ್ವಿಜಯವನ್ನು ಎರಡು ಸಲ ಹೇಳಿದೆ. ಮೂರನೇ ಸಲಕ್ಕೆ ತೊಡಗುವಷ್ಟರಲ್ಲಿ ಗುಜರಿ ಅಂಗಡಿಯವನು ಬಂದ. ನಾನು ಹೋದ ವಾರ ರಿಪೇರಿ ಮಾಡಿಕೊಟ್ಟ ತಕ್ಕಡಿಯನ್ನು ಮೇಜಿನ ಮೇಲೆ ದಡಕ್ಕನೆ ಇಟ್ಟ. ನೀನು ಮುಟ್ಟಿದ ಮೇಲೆ ಇದು ಹಾಳಾಯಿತು, ನನ್ನ ಕಲ್ಲಿಟ್ಟರೆ ಜಾಸ್ತಿ ತೋರಿಸುತ್ತದೆ ಎಂದು ಕೂಗಾಡಿದ. ಕಲ್ಲನ್ನೂ ತಂದಿದ್ದ. ನುಣುಪಾದ, ತುಕ್ಕಿಲ್ಲದ, ನೆತ್ತಿಯ ಮೇಲೆ ಚೊಕ್ಕ ಮುದ್ರೆಯಿದ್ದ ಕಲ್ಲು.

ನನ್ನ ರಿಪೇರಿಗೆ ಹೆಸರಿಟ್ಟರೆ ನಾನು ಸುಮ್ಮನಿರುವವನಲ್ಲ. ಅವನ ಕಲ್ಲನ್ನು ಅವನ ತಕ್ಕಡಿಯ ಮೇಲಿಟ್ಟೆ, ಜಾಸ್ತಿ ತೋರಿಸಿತು. ನನ್ನ ತಕ್ಕಡಿಯ ಮೇಲಿಟ್ಟೆ, ಅಷ್ಟೇ ಜಾಸ್ತಿ. ಮೂಲೆಯಲ್ಲಿದ್ದ ಹಳೇ ಎರಡು ತಟ್ಟೆಯದ್ದನ್ನು ಎಳೆದು, ಇನ್ನೊಂದು ತಟ್ಟೆಗೆ ನನ್ನ ಕಲ್ಲು ಹಾಕಿ ತೂಗಿದೆ. ಅವನ ಕಲ್ಲಿನ ತಟ್ಟೆಯೇ ಕೆಳಗೆ ಕೂತಿತು. ಆಗ ನನ್ನ ಗಂಟಲು ತೆರೆಯಿತು. ಬೀದಿಯ ಕೊನೆಯವರೆಗೂ ಕೇಳಿಸಿರಬೇಕು.

"ಮೂರು ತಕ್ಕಡಿ ಒಂದೇ ಮಾತು ಹೇಳಿದ ಮೇಲೂ ತಪ್ಪು ತಕ್ಕಡೀದು ಅಂತೀಯಲ್ಲ, ನಿನಗೆ ತಲೆ ಇದ್ಯಾ? ತಪ್ಪಿರೋದು ಕಲ್ಲಲ್ಲಿ ಕಣಯ್ಯ. ಮೇಲೆ ಮುದ್ರೆ ಇದೆ, ನೋಡೋಕೆ ತಣ್ಣಗೆ ಕೂತಿದೆ ಅಂತ ನಂಬಿಬಿಟ್ಯಾ? ಒಳಗೆ ಎಷ್ಟು ಸೀಸ ತುಂಬಿದೆಯೋ ಯಾವತ್ತಾದ್ರೂ ತಿರುಗಿಸಿ ನೋಡಿ..."

ಮಾತು ಅಲ್ಲಿಗೆ ನಿಂತಿತು. ನಾನು ನಿಲ್ಲಿಸಲಿಲ್ಲ, ಅದೇ ನಿಂತಿತು. ಕೈಯಲ್ಲಿದ್ದ ಕಲ್ಲು ಕೈಯಲ್ಲೇ ಉಳಿಯಿತು. ಗುಜರಿಯವನು ನನ್ನ ಬೈಗುಳದ ಉಳಿದ ಭಾಗಕ್ಕೆ ಕಾಯುತ್ತ ನಿಂತ. ಅದು ಬಾರದಿದ್ದಾಗ ಹೆದರಿ, "ಅಣ್ಣ, ಕೂತ್ಕೊಳಿ, ನೀರು ಕುಡೀರಿ" ಎಂದ. ಟೈಲರ್ ಓಡಿ ಬಂದ. ಏರಿತು ಎನ್ನಲು ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ. ನಾನು ಕಲ್ಲನ್ನು ಗುಜರಿಯವನ ಕೈಗಿಟ್ಟು, ಶಟರನ್ನು ಅರ್ಧಕ್ಕೇ ಎಳೆದು, ಎರಡು ಬಾಗಿಲು ಆಚೆಗಿದ್ದ ಮನೆಗೆ ಓಡಿದೆ.

ಅವಳು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದಳು. ಇನ್ನೂ ಮಧ್ಯಾಹ್ನ. ಸಂಜೆಯ ಶೋಕಿ ಮಧ್ಯಾಹ್ನಕ್ಕೇ ಬಂದಿತ್ತು.

"ಏಳು ಇವಳೇ, ಆಸ್ಪತ್ರೆಗೆ ಹೋಗೋಣ."

"ಯಾಕ್ರೀ, ನಿಮಗೇನಾಯ್ತು?"

"ನನಗಲ್ಲ, ನಿನಗೆ. ಮೆಷಿನ್ ಮೂರೂ ಸರಿಯಾಗಿದೆ."

ಅವಳು ನಕ್ಕಳು. ನೆನೆಹಾಕಿದ ಬಟ್ಟೆ ಒಗೆಯಬೇಕು, ಈ ತಲೆನೋವು ಹೊಸದಲ್ಲ, ಆಗಾಗ ಕಣ್ಣು ಮಂಜಾಗುವುದು ವಯಸ್ಸಿಗೆ, ನಾಳೆ ನೋಡೋಣ ಎಂದಳು. ಬೇರೆ ದಿನವಾಗಿದ್ದರೆ ನಾನು ಒಂದೇ ಕೂಗಿಗೆ ಎಬ್ಬಿಸುತ್ತಿದ್ದೆ. ಕೂಗಲು ಹೋದರೆ ಧ್ವನಿಯೇ ಏಳಲಿಲ್ಲ. ದಯವಿಟ್ಟು ಬಾ ಎಂದೆ. (ಮದುವೆಯಾದ ಮೇಲೆ ಆ ಪದವನ್ನು ನಾನು ಬಳಸಿದ್ದು ಅದೇ ಮೊದಲಿರಬೇಕು.) ಅವಳ ಮುಖದಲ್ಲಿದ್ದ ನಗು ಮಾಯವಾಯಿತು.

"ಯಾಕ್ರೀ ಇಷ್ಟು ಮೆತ್ತಗೆ ಮಾತಾಡ್ತೀರಿ? ನನಗೆ ಭಯ ಆಗುತ್ತೆ" ಎಂದು ತಟ್ಟನೆ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ಡಾಕ್ಟರಮ್ಮ ಎರಡೂ ತೋಳಿಗೆ ಪಟ್ಟಿ ಕಟ್ಟಿ ನೋಡಿದರು, ಕೂರಿಸಿ ಮತ್ತೆ ನೋಡಿದರು. ಕಣ್ಣು ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಮಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಇವರಿಗೆ ನಿಜವಾಗಿ ಜಾಸ್ತಿ ಇದೆ, ಇಂದೇ ಮಾತ್ರೆ ಶುರು ಮಾಡಬೇಕು, ಹೀಗೇ ಬಿಟ್ಟಿದ್ದರೆ ದೊಡ್ಡ ಅನಾಹುತ ಆಗುತ್ತಿತ್ತು, ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು ಎಂದರು. ಬಂದವನನ್ನು ಯಾಕೆ ಬಿಡುವುದು ಎಂದು ನನಗೂ ಪಟ್ಟಿ ಕಟ್ಟಿದರು. ಮನೆಯ ಅಂಕಿಗಳನ್ನೂ ಕೇಳಿದರು, ಊಟದ ಹೊತ್ತಿನದ್ದನ್ನು ಹೆಂಡತಿ ತಪ್ಪದೆ ಸೇರಿಸಿದಳು. ಎಲ್ಲ ನೋಡಿ, ನಿಮಗೆ ಸದ್ಯಕ್ಕೆ ಮಾತ್ರೆ ಬೇಡ, ಅವತ್ತು ಜಗಳವಾಡಿ ಮೆಟ್ಟಿಲು ಹತ್ತಿ ಬಂದಿದ್ದಿರಿ ಎಂದರು.

ಗೆದ್ದೆ. ಎಷ್ಟು ದಿನದಿಂದ ಈ ಮಾತಿಗಾಗಿ ಹಲ್ಲು ಕಚ್ಚಿ ಹೋರಾಡಿದ್ದೆನೋ ಅದೇ ಮಾತು ಡಾಕ್ಟರಮ್ಮನ ಬಾಯಿಂದಲೇ ಬಂತು. ಬೇಳೆಯಲ್ಲಿ ಕಲ್ಲು ಸಿಕ್ಕ ಹಾಗೆ ಬಾಯಲ್ಲೇ ಇಟ್ಟುಕೊಂಡು ಕೂತೆ. ಆಮೇಲೆ ಕೇಳಬೇಕಾದ್ದನ್ನು ಕೇಳಿಯೇಬಿಟ್ಟೆ.

"ಡಾಕ್ಟ್ರೇ, ಇವಳಿಗೆ ಇದು ನನ್ನಿಂದ ಬಂತಾ?"

"ಹಾಗೆ ಹೇಳೋಕೆ ಪುರಾವೆ ಇಲ್ಲ. ತಂದೆ ತಾಯಿಯಿಂದ ಬಂದಿರಬಹುದು, ವಯಸ್ಸಿರುತ್ತೆ, ಉಪ್ಪಿರುತ್ತೆ, ನಿದ್ದೆ ಇಲ್ಲದ್ದಿರುತ್ತೆ. ಕಾರಣ ಒಂದೇ ಅಂತ ಬೆರಳು ತೋರಿಸೋಕಾಗಲ್ಲ."

ನಾನು ಉಸಿರು ಬಿಟ್ಟೆ. ಹೆಂಡತಿ ಮಡಚಿದ್ದ ರವಿಕೆಯ ತೋಳನ್ನು ಕೆಳಗೆ ಇಳಿಸಿಕೊಳ್ಳುತ್ತಿದ್ದಳು.

"ನನಗೆ ಪುರಾವೆ ಬೇಕಾಗಿಲ್ಲ ಡಾಕ್ಟ್ರೇ" ಎಂದಳು.

ಡಾಕ್ಟರಮ್ಮ ತಲೆ ಎತ್ತದೆ, ಬರೆದು ಮುಗಿದಿದ್ದ ಚೀಟಿಯಲ್ಲಿ ಮತ್ತೇನೋ ಬರೆಯತೊಡಗಿದರು.

ಅವತ್ತಿನಿಂದ ಉಪ್ಪಿನ ಡಬ್ಬಿ ಮತ್ತೆ ಅಟ್ಟಕ್ಕೆ ಹೋಯಿತು. ಈ ಸಲ ಏರಿಸಿದವನು ನಾನೇ. ಅವಳ ಮಾತ್ರೆಯ ಕಾಗದವನ್ನು ನಾನೇ ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದೆ. ಈ ಬಾರಿ ಎಷ್ಟು ಜನರಲ್ಲಿ ಎಷ್ಟು ಜನರಿಗೆ ಎನ್ನುವುದನ್ನೂ ಬಿಡಲಿಲ್ಲ. ಆದರೂ ಧೈರ್ಯ ಸಾಲಲಿಲ್ಲ. ಗಳಿಗೆಗೊಮ್ಮೆ ಹೋಗಿ, ಕೆಮ್ಮಿದ್ಯಾ, ತಲೆ ತಿರುಗಿತಾ ಎಂದು ಕೇಳುತ್ತಿದ್ದೆ. ಒಂದು ದಿನ ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಾಗ, ಊದಿದೆಯೋ ಏನೋ ಎಂದು ಬಗ್ಗಿ ಅವಳ ಪಾದ ಹಿಡಿದು ಒತ್ತಿ ನೋಡಿದೆ. ಕಾಲು ಬಿಡ್ರೀ, ಜನ ನೋಡ್ತಾರೆ ಎಂದು ಅವಳು ಒದ್ದಾಡಿದಳು. ಜನ ನೋಡಿಯೂ ಆಯಿತು. ಎದುರಿನ ಹೊಲಿಗೆ ಮೆಷಿನ್ ಅರ್ಧ ದಿನ ನಿಂತಿತ್ತು.

ಇದಕ್ಕಿಂತ ದೊಡ್ಡ ತ್ಯಾಗ ಇನ್ನೊಂದು. ನಾನು ಬಾಯಿಗೆ ಬೀಗ ಹಾಕಿದೆ. ಸ್ಕ್ರೂ ಕಳೆದರೂ ಕೂಗಲಿಲ್ಲ. ನೀರು ಕಾಯದಿದ್ದರೂ ಕೂಗಲಿಲ್ಲ. ಪಕ್ಕದ ಮನೆಯವನು ನಮ್ಮ ಬ್ಯಾಟರಿ ದೀಪ ಹಿಂದಿರುಗಿಸುವಾಗ ಸೆಲ್ ತೆಗೆದಿಟ್ಟುಕೊಂಡು ಕೊಟ್ಟಾಗಲೂ, ಒಳಗೆ ಜ್ವಾಲಾಮುಖಿ ಕುದಿಯುತ್ತಿದ್ದರೂ, "ಪರವಾಗಿಲ್ಲ" ಎಂದೆ. ಅವನು ಹೆದರಿ ಹೊಸ ಸೆಲ್ ತಂದುಕೊಟ್ಟ.

ದಿನ ಕಳೆದ ಹಾಗೆ ಅವಳ ಅಂಕಿ ಇಳಿಯುತ್ತ ಬಂತು. ಒದ್ದೆ ಬಟ್ಟೆ ಹಣೆ ಬಿಟ್ಟು ಮೇಜು ಒರೆಸುವ ಕೆಲಸಕ್ಕೆ ಸೇರಿಕೊಂಡಿತು. ಮಗಳು ಊರಿನಿಂದ ಬಂದಳು. ಅಷ್ಟೂ ಕಥೆ ಕೇಳಿ ಮೊದಲು ಅಮ್ಮನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಆಮೇಲೆ ನಾನು, ಇಷ್ಟೆಲ್ಲ ಇಳಿದದ್ದು ಯಾರಿಂದ ಗೊತ್ತೇನಮ್ಮ ಎಂದು ಕೇಳಿ ಎದೆ ಉಬ್ಬಿಸಿ ನಿಂತೆ.

"ಯಾರಿಂದ ಅಪ್ಪ?"

"ನನ್ನ ಬಾಯಿಂದ. ಮುಚ್ಚಿದ್ದಕ್ಕೆ."

ಅವಳ ಕಣ್ಣಿನಲ್ಲಿ ಆಸ್ಪತ್ರೆಯ ಆ ಹಾಳು ವಿಭಾಗ ಎದ್ದು ಕೂತಿತು. ಮಾತ್ರೆ ಯಾವಾಗ ಶುರುವಾಯಿತು, ಉಪ್ಪು ಯಾವಾಗ ನಿಂತಿತು, ನೀನು ಯಾವಾಗ ಸುಮ್ಮನಾದೆ ಎಂದು ಕೇಳಿದಳು. ಎಲ್ಲ ಒಂದೇ ದಿನ ಎಂದೆ.

"ಹಾಗಾದ್ರೆ ನಿನ್ನಿಂದ ಅಂತ ಹೇಳೋಕೆ ಬರಲ್ಲ ಅಪ್ಪ. ಮೂರು ಒಟ್ಟಿಗೆ ಬದಲಾಗಿದೆ. ಮಾತ್ರೆಯಿಂದಲೇ ಇಳಿದಿರಬಹುದು. ನಿಂದು ದುರ್ಬಲ ಪುರಾವೆ."

ನನ್ನ ಜೀವಮಾನದ ಒಂದೇ ಒಂದು ತಪಸ್ಸು. ಅದಕ್ಕೆ ಈ ಬಹುಮಾನ. ಇದನ್ನು ಗಟ್ಟಿ ಮಾಡುವ ದಾರಿ ಇಲ್ಲವೇ ಎಂದು ಕೇಳಿದೆ. ಇದೆ, ಉಳಿದದ್ದನ್ನು ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡಬೇಕು ಎಂದಳು. ನಾನು ಯೋಚಿಸಿದೆ. ಮಾತ್ರೆ ನಿಲ್ಲಿಸುವ ಮಾತೇ ಇಲ್ಲ. ಉಪ್ಪು ಹಾಕುವ ಹಾಗೂ ಇಲ್ಲ. ಹಾಗಾದರೆ ಬದಲಿಸಲು ಉಳಿದದ್ದು ಏನು? ನನ್ನ ಎದೆಯಲ್ಲಿ ದೀಪ ಹತ್ತಿತು. ವಿಜ್ಞಾನದ ಉದ್ಧಾರಕ್ಕಾಗಿ ಒಂದು ವಾರ ನಾನು ಹಿಂದಿನ ಹಾಗೆ ಕೂಗಾಡಬೇಕು. ಅಂಕಿ ಏರಿದರೆ ನನ್ನ ಮೌನಕ್ಕೆ ಬೆಲೆ ಬರುತ್ತದೆ. ಏರದಿದ್ದರೆ ಇನ್ನೂ ಒಳ್ಳೆಯದು, ಬೀಗ ತೆಗೆದುಬಿಡಬಹುದು. ಎರಡರಲ್ಲೂ ಲಾಭ. ಯಾರನ್ನು ಮೊದಲು ಬೈಯುವುದೆಂದು ಲೆಕ್ಕ ಹಾಕಿದೆ. ಸೆಲ್ ಕದ್ದವನು ಮೊದಲು, ಟೈಲರ್ ಆಮೇಲೆ. ಗಂಟಲು ಸರಿಮಾಡಿಕೊಂಡೂ ಆಯಿತು.

ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಈ ಪ್ರಯೋಗಕ್ಕೆ ನಾನು ಒಪ್ಪಲ್ಲ" ಎಂದಳು.

ನಾನು ಮಗಳ ಮುಖ ನೋಡಿದೆ. ಅವಳು ನನ್ನ ಪಕ್ಷ ವಹಿಸುತ್ತಾಳೆ, ಪುರಾವೆಗಾಗಿ ಹುಟ್ಟಿದವಳು ಎಂದು ನಂಬಿದ್ದೆ.

"ಯಾರ ಮೇಲೆ ಪ್ರಯೋಗ ಮಾಡ್ತೀವೋ ಅವರು ಒಪ್ಪದೇ ಹೋದ್ರೆ ಮುಗೀತು ಅಪ್ಪ. ನಮ್ಮಲ್ಲಿ ಮೊದಲನೇ ನಿಯಮವೇ ಅದು" ಎಂದಳು. ಆಮೇಲೆ ದನಿ ತಗ್ಗಿಸಿ, ನೀನು ಮೂರು ಮೆಷಿನ್ ಕಟ್ಟುವಾಗ ಅಮ್ಮನ ಒಪ್ಪಿಗೆ ಕೇಳಿದ್ದೆಯಾ ಎಂದೂ ಕೇಳಿದಳು.

ಹೀಗಾಗಿ ಪ್ರಯೋಗ ಅಲ್ಲಿಗೇ ನಿಂತಿದೆ. ಕಾಯಿಲೆಯಿಲ್ಲದ ನಾನು ಉಪ್ಪಿಲ್ಲದ ಊಟ ಮಾಡುತ್ತೇನೆ. ಗುಣವಿದೆಯೋ ಇಲ್ಲವೋ ಇಂದಿಗೂ ಯಾರಿಗೂ ಗೊತ್ತಿಲ್ಲದ ಔಷಧಿಯನ್ನು, ಅಂದರೆ ನನ್ನ ಮೌನವನ್ನು, ಮೂರು ಹೊತ್ತೂ ನುಂಗುತ್ತೇನೆ. ಬಿಡುವುದಿಲ್ಲ. ಹಿಡಿದ ಪಟ್ಟು ಬಿಡುವವನಲ್ಲ ನಾನು. ಆದರೂ ಮನುಷ್ಯ ತಾನೇ. ಮೊನ್ನೆ ಮನೆಯಲ್ಲೇ ಒಂದು ತಕ್ಕಡಿ ಬಿಚ್ಚಿಕೊಂಡು ಕೂತಿದ್ದಾಗ ಸಣ್ಣ ಸ್ಕ್ರೂ ಒಂದು ಉರುಳಿ ಕಪಾಟಿನ ಅಡಿಗೆ ಹೋಯಿತು. ಹುಡುಕಲು ಬಗ್ಗಿದವನ ತಲೆ ಮೇಜಿಗೆ ಹೊಡೆಯಿತು. ಎದ್ದೆ, ಎದೆ ತುಂಬ ಗಾಳಿ ಎಳೆದುಕೊಂಡೆ, ಬಾಯಿ ತೆರೆದೆ.

ಒಳಗಿನ ಕೋಣೆಯಿಂದ "ಪರ್ರ್" ಎಂದು ಸದ್ದಾಯಿತು. ಬಿ.ಪಿ. ಮೆಷಿನ್ನಿನ ಪಟ್ಟಿ ಬಿಚ್ಚುವ ಸದ್ದು. ಅವಳು ಅದನ್ನು ತೋಳಿಗೆ ಕಟ್ಟಿಕೊಳ್ಳುವುದೂ ಇಲ್ಲ, ಬರೀ ಬಿಚ್ಚಿ ಮುಚ್ಚುತ್ತಾಳೆ. ಅಷ್ಟು ಸಾಕು. ನಾನು ಎಳೆದುಕೊಂಡ ಗಾಳಿಯನ್ನೆಲ್ಲ ಮೂಗಿನಿಂದ ಮೆಲ್ಲಗೆ ಬಿಟ್ಟು, ಮತ್ತೆ ಬಗ್ಗಿ, ಸ್ಕ್ರೂ ಹುಡುಕತೊಡಗಿದೆ.